ಕಫದಲ್ಲಿ ‘ಎಎಫ್‌ಬಿ ಪಾಸಿಟಿವ್’ ಬಂದರೆ ಮತ್ತೆ ಟಿಬಿ ಬಂತು ಎಂದೇ ಅರ್ಥವೇ?

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಮೂವತ್ತು ವರ್ಷದ ಹಿಂದೆ ಟಿಬಿ ಆಗಿ, ಪೂರ್ತಿ ಔಷಧಿ ತೆಗೆದುಕೊಂಡು ವಾಸಿಯಾಗಿತ್ತು. ಈಗ ಎರಡು ತಿಂಗಳಿಂದ ಕೆಮ್ಮು, ಕಫ. ಜ್ವರ ಇಲ್ಲ. ಕಫದ ರಿಪೋರ್ಟಿನಲ್ಲಿ ‘ಎಎಫ್‌ಬಿ ಪಾಸಿಟಿವ್’ ಎಂದಿದೆ. ಮತ್ತೆ ಟಿಬಿಯೇ?

ಉತ್ತರ: ಇರಬಹುದು. ನಮ್ಮ ದೇಶದಲ್ಲಿ ಮೊದಲು ಅನುಮಾನಪಡಬೇಕಾದದ್ದೂ ಅದನ್ನೇ. ಆದರೆ ಆ ಒಂದು ಸಾಲು ನೋಡಿ ಖಚಿತ ಮಾಡಿಕೊಳ್ಳಬೇಡಿ.

ಲ್ಯಾಬಿನಲ್ಲಿ ಕಫವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮೇಲೆ ಆಸಿಡ್‌ನಿಂದ ತೊಳೆಯುತ್ತಾರೆ. ಉಳಿದ ಬ್ಯಾಕ್ಟೀರಿಯಾಗಳ ಬಣ್ಣ ಹೋಗಿಬಿಡುತ್ತದೆ. ಮೇಣದಂಥ ಹೊರಪದರ ಇರುವ ಮೈಕೋಬ್ಯಾಕ್ಟೀರಿಯಾಗಳು ಕೆಂಪಾಗಿಯೇ ಉಳಿಯುತ್ತವೆ. ಹೀಗೆ ಆಸಿಡ್‌ಗೂ ಬಣ್ಣ ಬಿಡದ ರೋಗಾಣು ಕಂಡರೆ ‘ಎಎಫ್‌ಬಿ ಪಾಸಿಟಿವ್’ ಎಂದು ಬರೆಯುತ್ತಾರೆ. ಈ ಕುಟುಂಬದಲ್ಲಿ ಟಿಬಿ ರೋಗಾಣು ಒಂದೇ ಇಲ್ಲ. ಮಣ್ಣು, ನೀರಿನಲ್ಲಿ ಬದುಕುವ ಅದರ ದಾಯಾದಿಗಳೂ ಇವೆ. ವೈದ್ಯರು ಇವನ್ನು ಎನ್‌ಟಿಎಂ ಎನ್ನುತ್ತಾರೆ. ಗಟ್ಟಿಮುಟ್ಟಾದ ಶ್ವಾಸಕೋಶದಲ್ಲಿ ಇವುಗಳ ಆಟ ಸಾಮಾನ್ಯವಾಗಿ ನಡೆಯುವುದಿಲ್ಲ. ಹಳೇ ಟಿಬಿ ಬಿಟ್ಟುಹೋದ ಕಲೆ, ಪೊಳ್ಳು ಇದ್ದರೆ ಅಲ್ಲೇ ಬೀಡುಬಿಡುತ್ತವೆ. ನಿಮ್ಮ ಮಾವನವರ ವಿಷಯದಲ್ಲಿ ಇದು ಎನ್‌ಟಿಎಂ ಇರಬಹುದೇ ಎಂದು ಡಾಕ್ಟರನ್ನು ಕೇಳಲೇಬೇಕು.

ಹಾಗಾಗಿ ಸಿಬಿನಾಟ್ ಅಥವಾ ಟ್ರೂನಾಟ್ ಮಾಡಿಸಿ. ಇವು ಕಫದಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗಳು. ಮಷೀನಿಗೆ ಹಾಕಿದ ಮೇಲೆ ಕೆಲವೇ ಗಂಟೆಗಳಲ್ಲಿ ಟಿಬಿ ಹೌದೋ ಅಲ್ಲವೋ, ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಟಿಬಿ ಎಂದು ಬಂದರೆ ಚಿಕಿತ್ಸೆಗೆ ತಡ ಮಾಡಬೇಡಿ. ಎಎಫ್‌ಬಿ ಪಾಸಿಟಿವ್, ಸಿಬಿನಾಟ್ ನೆಗೆಟಿವ್ ಎಂದು ಬಂದರೆ ಎನ್‌ಟಿಎಂ ಅನುಮಾನ ಜಾಸ್ತಿ. ಆಗ ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು, ಅದಕ್ಕೆ ಆರು ವಾರ ಹಿಡಿಯಬಹುದು. ಒಂದೇ ಕಲ್ಚರ್ ಸಾಲದು. ಬೇರೆ ಬೇರೆ ದಿನ ಕೊಟ್ಟ ಎರಡು ಕಫದಲ್ಲಾದರೂ ಅದೇ ರೋಗಾಣು ಸಿಗಬೇಕು, ಸಿ.ಟಿ. ಸ್ಕ್ಯಾನ್ ಕೂಡ ಹೊಂದಬೇಕು. ಎನ್‌ಟಿಎಂ ಔಷಧಿಗಳೇ ಬೇರೆ. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳಾದರೆ, ಇದಕ್ಕೆ ಕಲ್ಚರ್ ನೆಗೆಟಿವ್ ಆದ ಮೇಲೂ ಒಂದು ವರ್ಷ ನುಂಗಬೇಕಾಗುತ್ತದೆ. ಕೆಲವರಿಗೆ ಔಷಧಿ ಕೊಡದೆ ಗಮನಿಸುವುದೂ ಉಂಟು.

ಕಫ ಕೊಡುವಾಗ ಒಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ಎಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಲಿ. ಬರೀ ಎಂಜಲು ತುಂಬಿದ ಡಬ್ಬಿಯಿಂದ ಎಷ್ಟೋ ರಿಪೋರ್ಟು ಸುಮ್ನೆ ನೆಗೆಟಿವ್ ಬರುತ್ತವೆ.

ಜ್ವರ ಇಲ್ಲವೆಂದು ಸಮಾಧಾನಪಡಬೇಡಿ. ವಯಸ್ಸಾದವರಲ್ಲಿ ಟಿಬಿ ಎಷ್ಟೋ ಸಲ ಜ್ವರ, ರಕ್ತ ಏನೂ ತೋರಿಸುವುದಿಲ್ಲ. ಊಟ ಸೇರುವುದಿಲ್ಲ, ಕೈಗಡಿಯಾರ ಮಣಿಕಟ್ಟಿನಲ್ಲಿ ಜಾರುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಎಂದು ಬಿಟ್ಟುಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇದಕ್ಕೇ.

ಟಿಬಿ ಔಷಧಿ ಶುರುವಾಗುವ ಮುಂಚೆ ಲಿವರ್ ಪರೀಕ್ಷೆ ಆಗಲಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಡಾಕ್ಟರ ಮುಂದಿಡಿ. ರಿಫಾಂಪಿಸಿನ್ ಕೆಲವು ಸಕ್ಕರೆ ಕಾಯಿಲೆ ಮಾತ್ರೆಗಳ, ರಕ್ತ ತೆಳುವಾಗಿಸುವ ಮಾತ್ರೆಗಳ ಬಲ ತಗ್ಗಿಸುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಆ ಔಷಧಿಯದೇ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ಅವತ್ತೇ ಹೋಗಿ.

ಎನ್‌ಟಿಎಂ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಟಿಬಿ ಹರಡುತ್ತದೆ. ಯಾವುದೆಂದು ತಿಳಿಯುವ ತನಕ ಅವರು ಮಾಸ್ಕ್ ಹಾಕಲಿ, ಕಿಟಕಿ ತೆರೆದಿರಲಿ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ. ಸಹಾಯವಾಣಿ 1800-11-6666.