ಓದುಗರ ಪ್ರಶ್ನೆ: 1942 ಆಡೋಕೆ ಬೆರಳು ಚುರುಕಾಗಿರಬೇಕಾ?

ರಾಜಾಜಿನಗರದ ಓದುಗರೊಬ್ಬರು ಕೇಳಿದ್ದಾರೆ: “ಚಿಕ್ಕಂದಿನಲ್ಲಿ ವಿಡಿಯೋ ಗೇಮ್ ಅಂಗಡಿಯಲ್ಲಿ ಆಡಿದ್ದ 1942 ಗೇಮನ್ನು ಈಗ ಮಗನ ಜೊತೆ ಲ್ಯಾಪ್‌ಟಾಪಿನಲ್ಲಿ ಆಡ್ತಿದ್ದೀನಿ. ಸ್ವಲ್ಪ ಹೊತ್ತಿಗೇ ಔಟ್ ಆಗ್ತೀನಿ. ವಯಸ್ಸಾಗಿ ಬೆರಳು ನಿಧಾನ ಆಗಿರೋದೇ ಕಾರಣವಾ?”

ಖಂಡಿತ ಅಲ್ಲ ಸಾರ್. ವಿಮಾನ ಹಾರಿಸುತ್ತಾ ಶತ್ರು ವಿಮಾನಗಳನ್ನು ಹೊಡೆದುರುಳಿಸುವ ಈ ಆಟದಲ್ಲಿ ನಿಧಾನಕ್ಕಿಂತ ಗಾಬರಿಯ ಓಡಾಟವೇ ಜಾಸ್ತಿ ಜೀವ ತೆಗೆಯುತ್ತದೆ.

ಶತ್ರು ವಿಮಾನ ಗುಂಡು ಬಿಡುವಾಗ ನೀವು ಎಲ್ಲಿದ್ದೀರೋ ಆ ಜಾಗಕ್ಕೆ ಗುರಿ ಇಡುತ್ತದೆ. ಬಿಟ್ಟ ಮೇಲೆ ಗುಂಡು ತಿರುಗುವುದಿಲ್ಲ, ನೇರ ಹೋಗುತ್ತದೆ. ಒಂದು ವಿಮಾನದ ಅಗಲದಷ್ಟು ಸರಿದರೆ ಸಾಕು, ತಪ್ಪಿಸಿಕೊಂಡಿರಿ. ಅದು ಬಿಟ್ಟು ಆ ಕಡೆ ಈ ಕಡೆ ಓಡಿದರೆ, ಹೋದ ಕಡೆಗೆಲ್ಲ ಒಂದೊಂದು ಗುಂಡು ಹೊರಡುತ್ತದೆ. ಪರದೆ ತುಂಬಾ ಗುಂಡು ಹರಡುವುದು ಹೀಗೆ. ಆಗ ಎಷ್ಟೇ ಚುರುಕಾದ ಬೆರಳಿದ್ದರೂ ದಾರಿ ಸಿಗಲ್ಲ.

ಹಾಗಾಗಿ ಒಂದು ಬದಿಯಿಂದ ಶುರು ಮಾಡಿ. ಚೂರು ಚೂರೇ ಒತ್ತುತ್ತಾ ಒಂದೇ ದಿಕ್ಕಿಗೆ ಸರಿಯುತ್ತಾ ಹೋಗಿ. ಗುಂಡುಗಳು ನಿಮ್ಮ ಹಿಂದೆ ಸಾಲಾಗಿ ದಾಟಿ ಹೋಗುತ್ತವೆ. ಇನ್ನೊಂದು ಬದಿ ಹತ್ತಿರವಾದಾಗ ಮಾತ್ರ ಸಾಲಿನಲ್ಲಿ ಸಂದು ನೋಡಿ, ಒಮ್ಮೆ ಜೋರಾಗಿ ನುಗ್ಗಿ ವಾಪಸ್ ಬನ್ನಿ. ಕಣ್ಣು ನಿಮ್ಮ ವಿಮಾನದ ಮೇಲೇ ನೆಟ್ಟಿರಬಾರದು. ಅದಕ್ಕಿಂತ ಸ್ವಲ್ಪ ಮೇಲೆ, ಗುಂಡು ಬರುವ ಜಾಗದಲ್ಲಿರಲಿ. ನನ್ನ ಪ್ರಕಾರ ಇದೊಂದು ಕೈಗೆ ಹತ್ತಿದರೆ ಅರ್ಧ ಆಟ ಬಂದಂತೆ.

ಪರದೆಯ ತಳಕ್ಕೆ ಅಂಟಿಕೊಂಡೂ ಕೂರಬೇಡಿ. ಈ ಗೇಮಿನಲ್ಲಿ ವಿಮಾನಗಳು ಹಿಂದಿನಿಂದಲೂ ಬರುತ್ತವೆ. ಕೆಳಗೆ ಸ್ವಲ್ಪ ಜಾಗ ಬೇಕೇ ಬೇಕು. ಪಲ್ಟಿ ಹೊಡೆಯುವ ಬಟನ್ ಇದೆಯಲ್ಲ, ಪಲ್ಟಿಯ ಹೊತ್ತಿನಲ್ಲಿ ಗುಂಡು ತಾಗಲ್ಲ. ಆದರೆ ಅದು ಲೆಕ್ಕದ್ದು, ಶುರುವಿಗೆ 3 ಸಲ ಅಷ್ಟೇ. ಉಳಿಸಿಕೊಂಡೇ ಸಾಯುವವರು ಬಹಳ. ಸಂದು ಕಾಣದಿದ್ದರೆ ಯೋಚಿಸದೆ ಒತ್ತಿಬಿಡಿ. ಕೆಂಪು ವಿಮಾನಗಳ ಗುಂಪು ಬಂದರೆ ಪೂರ್ತಿ ಹೊಡೆಯಿರಿ, ‘ಪಿಒಡಬ್ಲ್ಯೂ’ ಅಂತ ಬರೆದ ಬಹುಮಾನ ಸಿಗುತ್ತದೆ.

ಜಪಾನಿನ ಗೇಮ್ ಕಂಪನಿ ಕ್ಯಾಪ್‌ಕಾಮ್ 1984ರಲ್ಲಿ ಇದನ್ನು ತಂದಾಗ ಆಡುತ್ತಿದ್ದುದು ಎತ್ತರದ ಪರದೆಯಲ್ಲಿ, ಜಾಯ್‌ಸ್ಟಿಕ್ ಕಡ್ಡಿ ಹಿಡಿದು. ಲ್ಯಾಪ್‌ಟಾಪಿನ ಅಗಲ ಪರದೆಯಲ್ಲಿ ಚಿತ್ರ ನಡುವೆ ಸಣ್ಣದಾಗುತ್ತದೆ. ಮನೆಯಲ್ಲಿ ತಿರುಗಿಸಬಹುದಾದ ಮಾನಿಟರ್ ಇದ್ದರೆ ಉದ್ದಕ್ಕೆ ನಿಲ್ಲಿಸಿ ನೋಡಿ, ಗುಂಡು ಎಷ್ಟು ಚೆನ್ನಾಗಿ ಕಾಣುತ್ತದೆ! ಫೋನಿನಲ್ಲಂತೂ ಬೆರಳೇ ಅಡ್ಡ ಬರುತ್ತದೆ, ಬೇಡ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದಾಗ ಯುಎಸ್‌ಬಿ ಜಾಯ್‌ಸ್ಟಿಕ್ ವಿಚಾರಿಸಿ. ಕೊಳ್ಳುವ ಮುಂಚೆ ಕಡ್ಡಿಯನ್ನು ಮೆಲ್ಲಗೆ ತಟ್ಟಿ ನೋಡಿ. ಬಿಟ್ಟ ಕೂಡಲೇ ನಡುವಿಗೆ ಬಂದು ನಿಲ್ಲಬೇಕು. ಇಲ್ಲದಿದ್ದರೆ ಚೂರು ಚೂರು ಸರಿಯೋಕೆ ಆಗಲ್ಲ.