ಎಪಿಡಾರಸ್‌ನ ಕಲ್ಲುಮೆಟ್ಟಿಲು, ನಟನ ಕಂಠ

ಗ್ರೀಸ್‌ನ ಎಪಿಡಾರಸ್ ಪ್ರಾಚೀನ ಕಾಲದಲ್ಲಿ ರೋಗಿಗಳು ಹುಡುಕಿಕೊಂಡು ಬರುತ್ತಿದ್ದ ಕ್ಷೇತ್ರ. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಸನ್ನಿಧಿಯಲ್ಲಿ ರಾತ್ರಿ ಮಲಗಿದರೆ ಕನಸಿನಲ್ಲಿ ಪರಿಹಾರ ಸಿಗುತ್ತದೆಂಬ ನಂಬಿಕೆ ಅವರದು. ಕ್ರಿ.ಪೂ. 4ನೇ ಶತಮಾನದಲ್ಲಿ ಅಲ್ಲಿಯೇ ಗುಡ್ಡದ ಇಳಿಜಾರಿನಲ್ಲಿ ರಂಗಮಂದಿರ ಎದ್ದಿತು. ಮೊದಲು 34 ಸಾಲು, ಆಮೇಲೆ ಮೇಲ್ಗಡೆ ಇನ್ನೂ 21. ಚಿಕಿತ್ಸೆ, ಪೂಜೆ, ನಾಟಕ ಮೂರೂ ಒಂದೇ ಆವರಣದಲ್ಲಿ! ಇದು ನನಗೆ ಬಹಳ ಇಷ್ಟವಾದ ಸಂಗತಿ.

ಸುಮಾರು 14 ಸಾವಿರ ಜನರಿಗೆ ಮೈಕ್ ಇಲ್ಲದೆ ಮಾತು ಮುಟ್ಟಿಸುವುದು ಹೇಗೆ? ಮೊದಲ ಉತ್ತರ ಇಳಿಜಾರಿನಲ್ಲಿದೆ. ಸಮತಟ್ಟಾದ ಜಾಗದಲ್ಲಿ ಮುಂದಿನವರ ತಲೆಗಳನ್ನು ಸವರಿಕೊಂಡು ಹೋಗುವ ಧ್ವನಿ ಬೇಗ ಕುಂದುತ್ತದೆ. ಇಲ್ಲಿ ಪ್ರತಿ ಸಾಲೂ ಮುಂದಿನದಕ್ಕಿಂತ ಸಾಕಷ್ಟು ಮೇಲಿರುವುದರಿಂದ ಮಾತು ನೇರವಾಗಿ ಕಿವಿಗೆ ಬರುತ್ತದೆ. ನಟರ ಮುಂದಿನ ಗಟ್ಟಿ ನೆಲದಿಂದ ಪುಟಿದ ಧ್ವನಿಯೂ ತಡವಿಲ್ಲದೆ ಬಂದು ಅದಕ್ಕೆ ಬಲ ಕೊಡುತ್ತದೆ.

2007ರಲ್ಲಿ ಸಂಶೋಧಕರಾದ ನಿಕೊ ಡೆಕ್ಲೆರ್ಕ್ ಮತ್ತು ಸಿಂಡಿ ಡೆಕೈಸರ್ ಇನ್ನೊಂದು ವಿವರಣೆ ಕೊಟ್ಟರು. ಸುಣ್ಣಕಲ್ಲಿನ ಮೆಟ್ಟಿಲುಸಾಲು ಶಬ್ದದ ಜರಡಿಯಂತೆ ವರ್ತಿಸಿ ಸುಮಾರು 500 ಹರ್ಟ್ಸ್‌ಗಿಂತ (ಸೆಕೆಂಡಿಗೆ 500 ಕಂಪನ) ಕೆಳಗಿನ ಕಂಪನಗಳನ್ನು ತಗ್ಗಿಸುತ್ತದೆ. ಗಾಳಿಯ, ಜನರ ಗುಜುಗುಜಿನ ಬಹುಪಾಲು ಈ ಕೆಳಗಿನ ಕಂಪನಗಳಲ್ಲೇ ಇರುತ್ತದೆ. ಗಂಡಸಿನ ದನಿಯ ಮೂಲ ಕಂಪನವೂ ಅದರೊಂದಿಗೆ ಸೋರುತ್ತದೆ ನಿಜ. ಆದರೆ ಮೇಲಿನ ಸ್ವರಾಂಶಗಳು ಉಳಿದಿದ್ದರೆ ಮಿದುಳು ಆ ಮೂಲ ಸ್ಥಾಯಿಯನ್ನು ತಾನೇ ಊಹಿಸಿಕೊಳ್ಳುತ್ತದೆ. ಹಳೆಯ ಟೆಲಿಫೋನ್ ತಂತಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಬಹುಮಟ್ಟಿಗೆ ಕೈಬಿಟ್ಟರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿತ್ತಲ್ಲ, ಹಾಗೆ.

ರಂಗದ ನಡುವೆ ನಿಂತು ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುತ್ತದೆ ಎಂಬ ಮಾತು ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಅಳತೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿದ್ದ ನಾಣ್ಯದ ಸದ್ದು ಎಲ್ಲೆಡೆ ಕೇಳಿಸಬಹುದು, ಆದರೆ ಅದು ನಾಣ್ಯವೆಂದು ಗುರುತು ಸಿಗುವುದು ಅರ್ಧದಷ್ಟು ದೂರದವರೆಗೆ. ಪಿಸುಮಾತು ಅರ್ಥವಾಗುವುದು ಮುಂದಿನ ಸಾಲಿನವರಿಗಷ್ಟೇ. ಎತ್ತಿದ ಕಂಠದ ಮಾತು ಮಾತ್ರ ಕೊನೆಯವರೆಗೂ ತಲುಪುತ್ತದೆ. ಇದರಿಂದ ಕಟ್ಟಡದ ಹಿರಿಮೆ ಕುಗ್ಗುವುದಿಲ್ಲ, ಮರೆತಿದ್ದ ನಟರ ಪಾಲು ಅವರಿಗೆ ಸಲ್ಲುತ್ತದೆ.

ಮಣ್ಣಿನಡಿ ಹುದುಗಿದ್ದ ಈ ರಂಗವನ್ನು ಪುರಾತತ್ವಜ್ಞ ಪನಾಯಿಸ್ ಕವ್ವಾದಿಯಾಸ್ 1881ರಿಂದ ಅಗೆಸಿದರು. 1938ರಲ್ಲಿ ಮತ್ತೆ ನಾಟಕ ನಡೆಯಿತು. 1950ರ ದಶಕದಿಂದ ಬೇಸಿಗೆಯ ನಾಟಕೋತ್ಸವ ಬೇರೂರಿದೆ. ಆದರೆ ನಟರ ಬೆನ್ನಿಗಿದ್ದು ದನಿಯನ್ನು ಪ್ರೇಕ್ಷಕರತ್ತ ತಿರುಗಿಸುತ್ತಿದ್ದ ರಂಗಗೃಹದ ತಳಪಾಯವಷ್ಟೇ ಈಗ ಉಳಿದಿದೆ. ಹಾಗಾಗಿ ಇಂದಿನ ಅಳತೆಗಳನ್ನು ಅಂದಿನ ಪ್ರೇಕ್ಷಕರ ಕಿವಿಗೆ ಹಾಗೆಯೇ ಹೊಂದಿಸಲಾಗದು.