ಫರ್ನೇಸ್ ಮುಂದಿನ ಪಗಾರ: ಹುಬ್ಬಳ್ಳಿ ಬಿಟ್ಟರೆ ಹೆಚ್ಚಾಗುತ್ತದೆಯೇ?

ಓದುಗರ ಪ್ರಶ್ನೆ: "ನಮ್ಮ ತಮ್ಮ ಐಟಿಐ ಫೌಂಡ್ರಿಮನ್ ಮುಗಿಸಿ ಮೂರು ವರ್ಷ ಆತ್ರಿ. ಹುಬ್ಬಳ್ಳಿ ತಾರಿಹಾಳದಾಗ ಸಣ್ಣದೊಂದು ಫೌಂಡ್ರಿ, ಅಂದ್ರ ಎರಕದ ಕಾರ್ಖಾನೆಯೊಳಗ ಫರ್ನೇಸ್ ಮ್ಯಾಲೆ ಅದಾನ. ತಿಂಗಳಿಗೆ 18,000. ಈಗ ತೋರಣಗಲ್ಲ ಕಡೆಯ ಗುತ್ತಿಗೆದಾರ ಒಬ್ಬಾಂವ 24,000 ಕೊಡ್ತೇನಿ ಬಾ ಅನ್ನಾಕತ್ತಾನ. ಅಮೆರಿಕಾದಾಗ ಇದ ಕೆಲಸಕ್ಕ ಲಕ್ಷಗಟ್ಟಲೆ ಐತಿ ಅಂತ ಮೊಬೈಲ್‌ನ್ಯಾಗ ತೋರಸ್ತಾನ. ಊರು ಬಿಟ್ರ ಪಗಾರ ಖರೇನ ಹೆಚ್ಚಾಗತೈತೇನ್ರಿ?"

ಈ ತರಹದ ಪ್ರಶ್ನೆ ತಿಂಗಳಿಗೆ ಒಂದಾದರೂ ಬರುತ್ತದೆ. ಒಮ್ಮೆ ಕೊಲ್ಲಾಪುರ, ಒಮ್ಮೆ ಬೆಳಗಾವಿ, ಒಮ್ಮೆ ದುಬೈ. ಊರಿನ ಹೆಸರು ಮಾತ್ರ ಬೇರೆ. ಈ ಸಲ ಉತ್ತರ ಬರೆಯುವ ಮೊದಲು ಒಂದೇ ಮಾತು ತಿರುಗಿ ಕೇಳಿದೆ: ಆ 24,000 ಎಷ್ಟು ತಾಸಿನ ಪಾಳಿಗೆ? "12 ತಾಸ್ರಿ" ಅಂತ ಉತ್ತರ ಬಂತು. ಹುಬ್ಬಳ್ಳಿಯ ಕೆಲಸ 8 ತಾಸಿನದು.

ಹಾಗಾದರೆ ಕಾಗದ ಪೆನ್ನು ತಗೊಳ್ಳಿ. ತಿಂಗಳಿಗೆ 26 ದಿನ ಹಿಡಿಯೋಣ. ತಾರಿಹಾಳದಲ್ಲಿ 208 ತಾಸಿಗೆ 18,000, ಅಂದರೆ ತಾಸಿಗೆ ಸುಮಾರು 86 ರೂಪಾಯಿ 50 ಪೈಸೆ. ಅಲ್ಲಿ 312 ತಾಸಿಗೆ 24,000, ಅಂದರೆ ತಾಸಿಗೆ 77 ರೂಪಾಯಿ ಒಳಗೇ. ಇದು ಇನ್ನೂ ಅರ್ಧ ಲೆಕ್ಕ. ಕಾರ್ಖಾನೆಯಲ್ಲಿ ವಾರಕ್ಕೆ 48 ತಾಸು ದಾಟಿದರೆ ಹೆಚ್ಚಿನ ತಾಸಿಗೆ ಎರಡು ಪಟ್ಟು ಕೊಡಬೇಕು, ಕಾಯ್ದೆ ಹೇಳುವುದು ಅದನ್ನೇ. 8 ತಾಸಿನ ಮೇಲೆ ದಿನಾ 4 ತಾಸು ಓಟಿ (ಓವರ್‌ಟೈಮ್) ಮಾಡಿದರೆ, ಆ ನಾಲ್ಕು ಎಂಟಕ್ಕೆ ಸಮ. ಅಲ್ಲಿಗೆ ದಿನಕ್ಕೆ 16 ತಾಸಿನ ದುಡ್ಡು ಬರಬೇಕು. ನಿಮ್ಮ ತಮ್ಮ ತಾರಿಹಾಳದ ಈಗಿನ ದರದಲ್ಲೇ 12 ತಾಸು ದುಡಿದರೆ ಅವನ ಕೈಗೆ 36,000 ಬರಬೇಕು. ತಿರುಗಿಸಿ ನೋಡಿದರೆ ಗುತ್ತಿಗೆದಾರ ತೋರಿಸುತ್ತಿರುವ 24,000 ಅಸಲಿಗೆ 8 ತಾಸಿಗೆ 12,000 ರೂಪಾಯಿಯ ನೌಕರಿ. ಕುಶಲ ಕಾರ್ಮಿಕರ ಕನಿಷ್ಠ ವೇತನದ ಪಟ್ಟಿಯನ್ನು ಪಕ್ಕಕ್ಕೆ ಇಟ್ಟುಕೊಂಡು ಈ 12,000ವನ್ನು ನೋಡಿ, ಉಳಿದದ್ದು ನಾನು ಹೇಳಬೇಕಾಗಿಲ್ಲ. ರೂಮಿನ ಬಾಡಿಗೆ, ಖಾನಾವಳಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವ ಬಸ್ಸಿನ ಖರ್ಚು ಇದರಲ್ಲಿ ಸೇರಿಲ್ಲ.

ಇನ್ನು ಅಮೆರಿಕ. ಮೊಬೈಲಿನಲ್ಲಿ ಅವನು ನೋಡಿದ ಪಟ್ಟಿ ಬಹುಶಃ ಅಲ್ಲಿನ ಸರ್ಕಾರದ ಕಾರ್ಮಿಕ ಅಂಕಿಅಂಶ ಸಂಸ್ಥೆಯಾದ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್‌ನದು. ಅದರಲ್ಲಿ ಫರ್ನೇಸ್, ಕಿಲ್ನ್, ಒವನ್, ಡ್ರೈಯರ್, ಕೆಟಲ್ ಆಪರೇಟರುಗಳನ್ನೆಲ್ಲ ಸೇರಿಸಿ 51-9051 ಎಂದು ಒಂದು ಸಂಖ್ಯೆ ಕೊಟ್ಟಿದ್ದಾರೆ. ಕಟ್ಟಿಗೆ ಒಣಗಿಸುವವನು, ಗಾಜು ಹದ ಮಾಡುವವನು, ರಬ್ಬರ್ ಬೇಯಿಸುವವನು, ಸಾಬೂನು ಕುದಿಸುವವನು, ಎಲ್ಲರೂ ಒಂದೇ ಸಾಲಿನಲ್ಲಿ. ಮಜಾ ಏನೆಂದರೆ ಲೋಹ ಕರಗಿಸುವವನು ಆ ಸಾಲಿನಲ್ಲಿ ಇಲ್ಲವೇ ಇಲ್ಲ! ಅವನಿಗೆ 51-4051 ಎಂಬ ಬೇರೆ ಸಂಖ್ಯೆ, ಅಚ್ಚಿಗೆ ಲೋಹ ಸುರಿಯುವವನಿಗೆ 51-4052. ನಿಮ್ಮ ತಮ್ಮ ಇಷ್ಟು ದಿನ ನೋಡಿದ್ದು ಇನ್ನೊಬ್ಬರ ಪಗಾರ. ಅಲ್ಲಿ ವರ್ಷದ ಪಗಾರ ಅಂತ ತೋರಿಸುವುದು ತಾಸಿನ ದರವನ್ನು 2,080ರಿಂದ ಗುಣಿಸಿ, ಅಂದರೆ ವಾರಕ್ಕೆ 40 ತಾಸು, 52 ವಾರ. ಗುತ್ತಿಗೆದಾರನ 12 ತಾಸಿನ ಪಾಳಿ ವರ್ಷಕ್ಕೆ 3,744 ತಾಸು ಆಗುತ್ತದೆ. ಡಾಲರನ್ನು ರೂಪಾಯಿ ಮಾಡುವ ಮೊದಲು ತಾಸನ್ನು ತಾಸಿಗೆ ಹೋಲಿಸಬೇಕು.

ಹಾಗಂತ ಊರಿಂದ ಊರಿಗೆ ಫರಕೇ ಇಲ್ಲ ಅಂತಲ್ಲ. ಇದೆ. ಆದರೆ ಅದು ಊರಿಂದ ಬರುವುದಕ್ಕಿಂತ ಭಟ್ಟಿಯಿಂದ ಬರುತ್ತದೆ.

ತಾರಿಹಾಳ, ಗೋಕುಲ ರಸ್ತೆಯಂಥ ಕಡೆಯ ಸಣ್ಣ ಫೌಂಡ್ರಿಯಲ್ಲಿ ಇರುವುದು ಸಾಮಾನ್ಯವಾಗಿ ಕರೆಂಟಿನಿಂದ ಲೋಹ ಕರಗಿಸುವ, ಕೆಲವು ನೂರು ಕಿಲೋದ ಇಂಡಕ್ಷನ್ ಫರ್ನೇಸ್. ಅದರ ಮೇಲೆ ನಿಂತವನು ಎಲ್ಲಾ ಕೆಲಸ ಮಾಡುತ್ತಾನೆ. ಒಮ್ಮೆ ರಾತ್ರಿ ಪಾಳಿಯಲ್ಲಿ ಹೋಗಿ ನಿಂತಿದ್ದೆ. ಗುಜರಿ ರಾಶಿಯಿಂದ ಆತ ಎರಡೂ ತುದಿ ಮುಚ್ಚಿಹೋದ ಒಂದು ಪೈಪು ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ದೂರ ಬಿಸಾಡಿದ. ಒಳಗೆ ಒಂದು ಚಮಚ ನೀರಿದ್ದರೂ ಸಾಕು, ಕರಗಿದ ಕಬ್ಬಿಣದ ಒಳಗೆ ಬಿದ್ದರೆ ಆ ನೀರು ಒಮ್ಮೆಲೇ ಉಗಿಯಾಗಿ ಲೋಹವನ್ನೆಲ್ಲ ಮೇಲಕ್ಕೆ ಎರಚುತ್ತದೆ. ಆಮೇಲೆ ಕಿಟ್ಟ ತೆಗೆದ, ಚಮಚದಷ್ಟು ಲೋಹವನ್ನು ಬೆಣೆಯ ಆಕಾರದ ಅಚ್ಚಿಗೆ ಹೊಯ್ದು, ನೀರಿಗೆ ಹಾಕಿ, ಸುತ್ತಿಗೆಯಿಂದ ಒಡೆದ. ಮುರಿದ ಮೈಯಲ್ಲಿ ತುದಿಗೆ ಬಿಳಿ ಎಷ್ಟು, ಹಿಂದೆ ಬೂದಿಬಣ್ಣ ಎಷ್ಟು ಅಂತ ಬಲ್ಬಿನ ಬೆಳಕಿಗೆ ಹಿಡಿದು ನೋಡಿ, "ಇನ್ನೊಂಚೂರು ಸಿಲಿಕಾನ್ ಬೇಕು" ಅಂದ. 1,400 ಡಿಗ್ರಿ ದಾಟಿದ ಲೋಹದ ಮುಂದೆ ನಿಂತು ಇಷ್ಟನ್ನು ಕಣ್ಣಳತೆಯಲ್ಲಿ ಹೇಳಬಲ್ಲವನ ಹಾಜರಿ ಪುಸ್ತಕದಲ್ಲಿ ಹುದ್ದೆ ಏನು ಬರೆದಿತ್ತು ಗೊತ್ತೇ? ಹೆಲ್ಪರ್.

ಇದೇ ಮನುಷ್ಯನ ಕೈಯಲ್ಲಿ ಮಾಲೀಕನ ಲಾಭವೂ ಇದೆ. ಫರ್ನೇಸಿನ ಒಳಗೋಡೆಯ ಸಿಲಿಕಾ ಲೈನಿಂಗ್ ಹೀಟಿನಿಂದ ಹೀಟಿಗೆ (ಒಂದು ಸಲ ಲೋಹ ಕರಗಿಸಿದರೆ ಒಂದು ಹೀಟು) ಸವೆಯುತ್ತದೆ. ನೋಡಿಕೊಂಡು ತೇಪೆ ಹಾಕಿದರೆ ಹೆಚ್ಚು ಹೀಟು ಬರುತ್ತದೆ, ಅಲಕ್ಷ್ಯ ಮಾಡಿದರೆ ಲೋಹ ತೂತು ಮಾಡಿಕೊಂಡು ಹೊರಗಿನ ತಾಮ್ರದ ಸುರುಳಿ ಮುಟ್ಟುತ್ತದೆ, ಆ ಸುರುಳಿಯ ಒಳಗೆ ಹರಿಯುವುದು ನೀರು. ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಕರೆಂಟು ಬೇಕು. ಹೆಸ್ಕಾಂನ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರಿಗೆ ರಾತ್ರಿ ಹೊತ್ತು ದರದಲ್ಲಿ ರಿಯಾಯಿತಿ ಇದ್ದರೆ ಕರಗಿಸುವ ಕೆಲಸ ರಾತ್ರಿಗೆ ಬೀಳುತ್ತದೆ. ಕರೆಂಟಿನ ಉಳಿತಾಯ ಮಾಲೀಕನಿಗೆ, ನಿದ್ದೆಗೇಡು ಕೆಲಸಗಾರನಿಗೆ. ರಾತ್ರಿ ಪಾಳಿ ಭತ್ಯೆ ಬಹುತೇಕ ಒಪ್ಪಂದದ ಮಾತು, ಕೇಳಿದವನಿಗೆ ಸಿಗುತ್ತದೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೊಪ್ಪಳದ ಬೇವಿನಹಳ್ಳಿಯ ಬೀಡುಕಬ್ಬಿಣದ ಕಾರ್ಖಾನೆ ಬೇರೆ ಲೋಕ. ಅಲ್ಲಿ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) ಹಗಲು ರಾತ್ರಿ ನಿಲ್ಲದೆ ನಡೆಯುತ್ತದೆ, ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುವವನು ಒಬ್ಬ, ಕೆಳಗೆ ಲೋಹ ಹರಿಯುವ ಕಾಲುವೆ ಸ್ವಚ್ಛ ಮಾಡುವವನು ಇನ್ನೊಬ್ಬ. ಒಂದೇ ಗೇಟಿನ ಒಳಗೆ ಕಂಪನಿಯ ಕಾಯಂ ನೌಕರನಿಗೂ ಗುತ್ತಿಗೆ ಕಾರ್ಮಿಕನಿಗೂ ಇರುವ ಅಂತರ, ಹುಬ್ಬಳ್ಳಿಗೂ ತೋರಣಗಲ್ಲಿಗೂ ಇರುವ ಅಂತರಕ್ಕಿಂತ ದೊಡ್ಡದು. "ತೋರಣಗಲ್ಲಿನಲ್ಲಿ ಇಷ್ಟು ಕೊಡ್ತಾರೆ" ಅಂತ ಹೇಳುವವರು ಯಾರ ಪಗಾರ ಹೇಳುತ್ತಿದ್ದಾರೆ ಅಂತ ಕೇಳಿ.

ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಶಿರೋಲಿ ಕಡೆ ಕೆಲಸ ಇಲ್ಲಿನಂಥದ್ದೇ, ಆದರೆ ಅಲ್ಲಿ ಫೌಂಡ್ರಿಗಳು ಒತ್ತೊತ್ತಾಗಿವೆ. ಒಳ್ಳೆಯ ಮೆಲ್ಟರ್ (ಲೋಹ ಕರಗಿಸುವವನು) ಒಬ್ಬ ಮುನಿಸಿಕೊಂಡರೆ ರಸ್ತೆ ದಾಟಿ ಎದುರಿನ ಗೇಟಿಗೆ ಹೋಗುತ್ತಾನೆ, ಮಾಲೀಕನಿಗೂ ಅದು ಗೊತ್ತು. ನನ್ನ ಮಟ್ಟಿಗೆ ಹೇಳುವುದಾದರೆ ಮೂರು ವರ್ಷ ಕೈ ಪಳಗಿದ ಹುಡುಗ ಊರು ಬಿಡಲೇಬೇಕೆಂದರೆ ಆ ದಿಕ್ಕಿಗೆ ಹೋಗುವುದು ಮೇಲು.

ಇಟ್ಟಂಗಿ ಭಟ್ಟಿಯನ್ನು ಈ ಲೆಕ್ಕಕ್ಕೆ ತರಬೇಡಿ. ಹಾವೇರಿ, ರಾಣೇಬೆನ್ನೂರು ಕಡೆಯ ಭಟ್ಟಿಗಳಲ್ಲಿ ದುಡ್ಡು ಸಾವಿರ ಇಟ್ಟಂಗಿಗೆ ಇಷ್ಟು ಅಂತ. ಗಂಡ ಹೆಂಡತಿ ಇಬ್ಬರೂ ದುಡಿದರೂ ಪುಸ್ತಕದಲ್ಲಿ ಇರುವುದು ಗಂಡನ ಹೆಸರು, ಮಳೆ ಬಿದ್ದರೆ ಕೆಲಸ ಬಂದ್. ಹಂಗಾಮಿನ ಮೊದಲೇ ಮುಂಗಡ ಕೊಟ್ಟು, ಅದು ತೀರುವವರೆಗೆ ಬಿಟ್ಟು ಹೋಗುವ ಹಾಗಿಲ್ಲ ಅಂತ ಕೂರಿಸಿಕೊಂಡರೆ ಅದು ಜೀತ, 1976ರ ಕಾಯ್ದೆಯಡಿ ಅಪರಾಧ.

ಈಗ ಕಾಣದ ಪಗಾರದ ಮಾತು. ಇಎಸ್‌ಐ, ಅಂದರೆ ನೌಕರರ ವಿಮೆಗೆ ಸೇರಲು ಪಗಾರದ ಮಿತಿ ತಿಂಗಳಿಗೆ 21,000. ಕೆಲಸಗಾರನಿಂದ ಮುರಿಯುವುದು 0.75 ಪ್ರತಿಶತ ಮಾತ್ರ, ಅದರ ಮೇಲೆ ಹೆಂಡತಿ ಮಕ್ಕಳ ಔಷಧೋಪಚಾರವೂ ನಡೆಯುತ್ತದೆ. ಕೆಲಸದ ಮೇಲೆ ಕೈ ಸುಟ್ಟುಕೊಂಡು ಮನೆಯಲ್ಲಿ ಕೂತರೆ ಪಗಾರದ 90 ಪ್ರತಿಶತ ಸಿಗುತ್ತದೆ. 18,000ದ ನಿಮ್ಮ ತಮ್ಮ ಅದರೊಳಗೆ ಇರಬೇಕಾದವನು. ಆ 24,000 ಪೂರ್ತಿ ಪಗಾರ ಅಂತಲೇ ಬರೆದರೆ ಹೊರಗೆ ಬೀಳುತ್ತಾನೆ. ಓಟಿ ಬೇರೆ ಬರೆದರೆ ಒಳಗೇ ಉಳಿಯುತ್ತಾನೆ, ಮಿತಿ ನೋಡುವಾಗ ಓಟಿ ಲೆಕ್ಕಕ್ಕಿಲ್ಲ. ಪಿಎಫ್‌ಗೆ ಅವನಿಂದ 12, ಮಾಲೀಕನಿಂದ 12 ಪ್ರತಿಶತ. ಎರಡೂ ಪಾಲು ನಿನ್ನ ಪಗಾರದಿಂದಲೇ ಅಂತ ಗುತ್ತಿಗೆದಾರ ಹೇಳಿದರೆ ಅದು ಮೋಸ. ಪಿಎಫ್ ಖಾತೆಯ ಯುಎಎನ್ ಪಾಸ್‌ಬುಕ್ ಮೊಬೈಲಿನಲ್ಲೇ ಕಾಣುತ್ತದೆ, ಅಮೆರಿಕದ ಪಗಾರ ನೋಡುವ ಅದೇ ಮೊಬೈಲಿನಲ್ಲಿ.

ಇನ್ನೊಂದು ಸಣ್ಣ ಸಂಗತಿ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಅಟೆಂಡೆಂಟ್ ಸರ್ಕಾರದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಹಿಡಿದಿರುತ್ತಾನೆ, ಅವನಿಲ್ಲದೆ ಬಾಯ್ಲರ್ ಹಚ್ಚುವ ಹಾಗಿಲ್ಲ. ಫರ್ನೇಸ್‌ನವನಿಗೆ ಅಂಥ ಲೈಸೆನ್ಸ್ ಇಲ್ಲ. ಅವನ ಕಸುಬು ಇನ್ನೊಬ್ಬರ ಬಾಯಿಮಾತಿನ ಮೇಲೆ ನಿಂತಿರುತ್ತದೆ. ಕೊಲ್ಲಿ ದೇಶಕ್ಕೆ ಹೋಗುವ ಯೋಚನೆ ಇದ್ದರೂ ಮೊದಲು ಕೇಳುವುದು ಎಷ್ಟು ಕಿಲೋದ, ಯಾವ ಫರ್ನೇಸ್ ನಡೆಸಿದ್ದೀ ಎಂಬುದನ್ನೇ.

ಅದಕ್ಕೇ ನನ್ನ ಸಲಹೆ ಇಷ್ಟು. ಗುತ್ತಿಗೆದಾರನಿಗೆ ಈಗಲೇ ಹೂಂ ಅನ್ನುವುದು ಬೇಡ. ತಾಸು ಎಷ್ಟು, ಓಟಿ ದರ ಎಷ್ಟು ಎಂದು ಕಾಗದದ ಮೇಲೆ ಕೇಳಲಿ, ಹೆಚ್ಚಿನವರು ಅಲ್ಲೇ ಹಿಂದೆ ಸರಿಯುತ್ತಾರೆ. ಅಷ್ಟರೊಳಗೆ ಈಗಿನ ಮಾಲೀಕರ ಹತ್ತಿರ ಒಂದು ಅನುಭವ ಪತ್ರ ಬರೆಸಿಕೊಳ್ಳಲಿ: ಇಂಡಕ್ಷನ್ ಫರ್ನೇಸ್, ಇಷ್ಟು ಕಿಲೋ, ಲೈನಿಂಗ್ ಕೆಲಸ ಸಹಿತ, ಇಂಥ ತಾರೀಖಿನಿಂದ. ಹುದ್ದೆಯ ಜಾಗದಲ್ಲಿ ಹೆಲ್ಪರ್ ಅಂತ ಟೈಪ್ ಆಗಿ ಬಂದರೆ ಅಲ್ಲೇ ನಿಂತು ತಿದ್ದಿಸಿಕೊಂಡು ಬರಲಿ.